ತಪಾಸಣೆಯೊಂದೇ ಸಾಲದು: ಪೂರೈಕೆ ಸರಪಳಿಯನ್ನು ಅಭ್ಯಸಿಸಿದ ರಿಚರ್ಡ್ ಲಾಕ್

ನಾವು ತೊಡುವ ಅಂಗಿಯ ಕಾಲರಿನ ಒಳಬದಿಯಲ್ಲಿ ಒಂದು ಚಿಕ್ಕ ಪಟ್ಟಿ ಇರುತ್ತದೆ. ಕಂಪನಿಯ ಹೆಸರು, ಅಳತೆ, ಬಟ್ಟೆಯ ಬಗೆ, ತಯಾರಾದ ದೇಶ - ಇವಿಷ್ಟನ್ನು ಅದು ತಿಳಿಸುತ್ತದೆ. ಹತ್ತಿ ಬೆಳೆದವರು ಯಾರು, ಬಣ್ಣ ಹಾಕಿದವರು ಯಾರು, ಹೊಲಿದವರು ಯಾರು, ಅವರಿಗೆ ಎಷ್ಟು ಕೂಲಿ ಸಿಕ್ಕಿತು, ದಿನಕ್ಕೆ ಎಷ್ಟು ಗಂಟೆ ದುಡಿದರು ಎಂಬುದು ಅದರಿಂದ ತಿಳಿಯದು. ಕಚ್ಚಾವಸ್ತುವಿನಿಂದ ಗ್ರಾಹಕರವರೆಗೆ ಒಂದಕ್ಕೊಂದು ಹೆಣೆದುಕೊಂಡಿರುವ ಈ ಕೊಂಡಿಗಳ ಸಾಲಿಗೆ ‘ಪೂರೈಕೆ ಸರಪಳಿ’ ಎಂದು ಹೆಸರು.

ಈ ಸರಪಳಿಯನ್ನು ನಿರ್ವಹಿಸುವ ಶಾಸ್ತ್ರ ಬಹುಕಾಲ ಎರಡೇ ಪ್ರಶ್ನೆಗಳಲ್ಲಿ ಮುಳುಗಿತ್ತು: ಸರಕು ಎಷ್ಟು ಬೇಗ ತಲುಪುತ್ತದೆ, ಎಷ್ಟು ಅಗ್ಗವಾಗಿ ತಲುಪುತ್ತದೆ? 1990ರ ದಶಕದಲ್ಲಿ ಇನ್ನೆರಡು ಪ್ರಶ್ನೆಗಳು ಸೇರಿಕೊಂಡವು. ಸರಕು ತಯಾರಿಸುವಾಗ ಪರಿಸರಕ್ಕೆ ಏನಾಗುತ್ತದೆ? ತಯಾರಿಸುವ ಜನರಿಗೆ ಏನಾಗುತ್ತದೆ? ಕಂಪನಿಗಳು ಇದಕ್ಕೆ ಕೊಟ್ಟ ಉತ್ತರ ‘ತಪಾಸಣೆ ಮಾಡಿಸುತ್ತೇವೆ’ ಎಂಬುದು. ಆ ಉತ್ತರ ಸಾಕೇ ಎಂದು ಅಂಕಿಅಂಶಗಳ ಮೂಲಕವೇ ಪರೀಕ್ಷಿಸಿದವರಲ್ಲಿ ಅಮೆರಿಕದ ರಿಚರ್ಡ್ ಲಾಕ್ ಪ್ರಮುಖರು.

ಷೂ ಕಂಪನಿಗೆ ಬಂದ ಸಂಕಟ

ನೈಕಿ ಎಂಬ ಅಮೆರಿಕದ ಕಂಪನಿ ಕ್ರೀಡಾ ಷೂಗಳಿಗೆ ಹೆಸರಾದದ್ದು. ಆದರೆ ಆ ಷೂಗಳನ್ನು ಅದು ಸ್ವಂತ ಕಾರ್ಖಾನೆಗಳಲ್ಲಿ ತಯಾರಿಸುತ್ತಿರಲಿಲ್ಲ. ವಿನ್ಯಾಸ ಮತ್ತು ಜಾಹೀರಾತು ತನ್ನ ಬಳಿ ಇಟ್ಟುಕೊಂಡು, ತಯಾರಿಕೆಯನ್ನು ಏಷ್ಯಾದ ಗುತ್ತಿಗೆ ಕಾರ್ಖಾನೆಗಳಿಗೆ ವಹಿಸಿತ್ತು. ಮೊದಲು ಜಪಾನ್, ನಂತರ ದಕ್ಷಿಣ ಕೊರಿಯ ಮತ್ತು ತೈವಾನ್, ಅಲ್ಲಿ ಕೂಲಿ ಏರಿದಂತೆ ಇಂಡೊನೇಷ್ಯ, ಚೀನ, ವಿಯೆಟ್ನಾಂ - ಹೀಗೆ ಕೆಲಸ ಸ್ಥಳಾಂತರಗೊಳ್ಳುತ್ತ ಹೋಯಿತು.

1990ರ ದಶಕದ ಆರಂಭದಲ್ಲಿ ಇಂಡೊನೇಷ್ಯದ ಕಾರ್ಖಾನೆಗಳ ಕಡಿಮೆ ಕೂಲಿಯ ಬಗ್ಗೆ ವರದಿಗಳು ಬಂದವು. 1992ರಲ್ಲಿ ನೈಕಿ ಪೂರೈಕೆದಾರರಿಗಾಗಿ ಒಂದು ನೀತಿಸಂಹಿತೆಯನ್ನು ಹೊರತಂದಿತು. 1996ರಲ್ಲಿ ‘ಲೈಫ್’ ಪತ್ರಿಕೆ ಪಾಕಿಸ್ತಾನದ ಬಾಲಕನೊಬ್ಬ ನೈಕಿ ಚಿಹ್ನೆಯ ಫುಟ್‌ಬಾಲ್ ಹೊಲಿಯುತ್ತಿರುವ ಚಿತ್ರವನ್ನು ಪ್ರಕಟಿಸಿತು. 1997ರ ನವೆಂಬರಿನಲ್ಲಿ ವಿಯೆಟ್ನಾಮಿನ ಹೊ ಚಿ ಮಿನ್ ನಗರದ ಬಳಿಯ ಕಾರ್ಖಾನೆಯೊಂದರ ಆಂತರಿಕ ತಪಾಸಣಾ ವರದಿ ಸೋರಿ ಹೊರಬಿದ್ದಿತು. ಕೆಲವು ವಿಭಾಗಗಳಲ್ಲಿ ವಿಷಕಾರಿ ರಾಸಾಯನಿಕದ ಆವಿ ಅಲ್ಲಿನ ಕಾನೂನು ಮಿತಿಯ 177 ಪಟ್ಟು ಇತ್ತು. 77 ಪ್ರತಿಶತ ಕಾರ್ಮಿಕರಿಗೆ ಉಸಿರಾಟದ ತೊಂದರೆ ಇತ್ತು. ಷೂ ತಳವನ್ನು ಅಂಟಿಸುವ ಗೋಂದಿನಲ್ಲಿ ಬಳಸುವ ಟಾಲ್ಯೂಯೀನ್‌ನಂಥ ದ್ರಾವಕಗಳು ಬೇಗ ಆವಿಯಾಗುತ್ತವೆ. ಗಾಳಿಯಾಡದ ಕೋಣೆಯಲ್ಲಿ ಆ ಆವಿ ನರಮಂಡಲಕ್ಕೂ ಶ್ವಾಸಕೋಶಕ್ಕೂ ಹಾನಿಕರ.

1998ರ ಮೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥ ಫಿಲ್ ನೈಟ್ ವಾಷಿಂಗ್ಟನ್ನಿನಲ್ಲಿ ಕೆಲವು ವಾಗ್ದಾನಗಳನ್ನು ಮಾಡಿದರು: ಷೂ ಕಾರ್ಖಾನೆಗಳಲ್ಲಿ ಹೊಸದಾಗಿ ಸೇರುವವರ ಕನಿಷ್ಠ ವಯಸ್ಸು 18, ಒಳಾಂಗಣ ಗಾಳಿಗೆ ಅಮೆರಿಕದ ಮಾನದಂಡ, ದ್ರಾವಕಗಳ ಬದಲು ನೀರು ಆಧಾರಿತ ಗೋಂದು. ಇವನ್ನು ಜಾರಿಗೆ ತರಲು ತಪಾಸಕರ ದೊಡ್ಡ ತಂಡವೇ ಸಿದ್ಧವಾಯಿತು. ಇತರ ಕಂಪನಿಗಳೂ ಇದೇ ಹಾದಿ ಹಿಡಿದವು. ಕೆಲವೇ ವರ್ಷಗಳಲ್ಲಿ ಕಾರ್ಖಾನೆ ತಪಾಸಣೆ ಎಂಬುದೇ ಜಾಗತಿಕ ಉದ್ಯಮವಾಗಿ ಬೆಳೆಯಿತು.

ರಾಜ್ಯಶಾಸ್ತ್ರದಿಂದ ಕಾರ್ಖಾನೆಗೆ

ರಿಚರ್ಡ್ ಲಾಕ್ ಎಂಜಿನಿಯರ್ ಅಲ್ಲ, ರಾಜ್ಯಶಾಸ್ತ್ರದ ವಿದ್ಯಾರ್ಥಿ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದರು. ಅವರ ಆರಂಭದ ಸಂಶೋಧನೆ ಇಟಲಿಯ ಉದ್ಯಮಗಳ ಬಗ್ಗೆ. ಅದರ ಫಲವಾದ ಪುಸ್ತಕ 1995ರಲ್ಲಿ ಪ್ರಕಟವಾಯಿತು. ಒಂದೇ ದೇಶ, ಒಂದೇ ಕಾನೂನು ಇದ್ದರೂ ಒಂದು ಊರಿನ ಕಾರ್ಖಾನೆಗಳಲ್ಲಿ ಮಾಲೀಕರು ಮತ್ತು ಕಾರ್ಮಿಕರು ಹೊಂದಿಕೊಂಡು ಮುಂದೆ ಸಾಗುತ್ತಾರೆ, ಇನ್ನೊಂದರಲ್ಲಿ ಜಗಳದಲ್ಲೇ ಉಳಿಯುತ್ತಾರೆ. ಇದೇಕೆ ಎಂಬುದು ಅಲ್ಲಿ ಅವರ ಪ್ರಶ್ನೆಯಾಗಿತ್ತು.

ಈ ಹಿನ್ನೆಲೆ ಮುಂದಿನ ಕೆಲಸಕ್ಕೆ ನೆರವಾಯಿತು. ಪೂರೈಕೆ ಸರಪಳಿಯಲ್ಲೂ ಅಂಥದೇ ಒಗಟು ಇತ್ತು. ಒಂದೇ ಕಂಪನಿಗೆ, ಒಂದೇ ನೀತಿಸಂಹಿತೆಯಡಿ, ಒಂದೇ ಬಗೆಯ ಸರಕು ತಯಾರಿಸುವ ಎರಡು ಕಾರ್ಖಾನೆಗಳಲ್ಲಿ ಕಾರ್ಮಿಕರ ಸ್ಥಿತಿ ಏಕೆ ಬೇರೆ ಬೇರೆ? 2000ದ ದಶಕದ ಆರಂಭದಲ್ಲಿ ಅವರು ನೈಕಿಯ ಪ್ರಕರಣವನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಕಂಪನಿ ತನ್ನ ತಪಾಸಣಾ ದಾಖಲೆಗಳನ್ನು ಸಂಶೋಧಕರಿಗೆ ಒದಗಿಸಿತು. ಅಲ್ಲಿಯವರೆಗೆ ಇಂಥ ದಾಖಲೆಗಳು ಕಂಪನಿಗಳ ಕಪಾಟಿನಲ್ಲೇ ಉಳಿಯುತ್ತಿದ್ದವು. ಕಂಪನಿಯನ್ನು ಹೊಗಳುವವರಾಗಲಿ ತೆಗಳುವವರಾಗಲಿ ಒಂದೆರಡು ಕಾರ್ಖಾನೆಗಳ ಉದಾಹರಣೆಯಿಂದಲೇ ವಾದಿಸಬೇಕಾಗಿತ್ತು.

800 ಕಾರ್ಖಾನೆಗಳ ಅಂಕಪಟ್ಟಿ

ಲಾಕ್, ಫೇ ಚಿನ್ ಮತ್ತು ಆಲ್ಬರ್ಟೊ ಬ್ರಾಸ್ 2007ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೈಲಿಗಲ್ಲು. 1998ರಿಂದ 2005ರವರೆಗಿನ ಅವಧಿಯಲ್ಲಿ 51 ದೇಶಗಳ 800ಕ್ಕೂ ಹೆಚ್ಚು ಪೂರೈಕೆದಾರರ ತಪಾಸಣಾ ಫಲಿತಾಂಶಗಳನ್ನು ಅವರು ವಿಶ್ಲೇಷಿಸಿದರು. ಪ್ರತಿ ಕಾರ್ಖಾನೆಗೂ ಕೂಲಿ, ಕೆಲಸದ ಅವಧಿ, ಸುರಕ್ಷತೆ ಮೊದಲಾದ ಅಂಶಗಳ ಮೇಲೆ ಅಂಕ ಕೊಡಲಾಗುತ್ತಿತ್ತು. ಪ್ರಶ್ನೆ ಸರಳವಾಗಿತ್ತು: ವರ್ಷ ಕಳೆದಂತೆ ಅಂಕಗಳು ಮೇಲೇರಿವೆಯೇ?

ಕಂಪನಿ ಹಣವನ್ನೂ ಜನರನ್ನೂ ಧಾರಾಳವಾಗಿ ತೊಡಗಿಸಿದ್ದರೂ ತಪಾಸಣೆಯೊಂದರಿಂದಲೇ ಆದ ಸುಧಾರಣೆ ಸೀಮಿತ ಎಂಬುದು ಅವರ ತೀರ್ಮಾನ. ಕಾನೂನಿನ ಆಡಳಿತ ಬಲವಾಗಿರುವ ದೇಶಗಳ ಕಾರ್ಖಾನೆಗಳು ಹೆಚ್ಚು ಅಂಕ ಪಡೆದಿದ್ದವು. ಖರೀದಿದಾರ ಕಂಪನಿಯ ಸಿಬ್ಬಂದಿ ಮೇಲಿಂದ ಮೇಲೆ ಭೇಟಿ ನೀಡಿ ಒಡನಾಡುತ್ತಿದ್ದ ಕಾರ್ಖಾನೆಗಳಲ್ಲೂ ಸ್ಥಿತಿ ಮೇಲಾಗಿತ್ತು. ಕೆಲಸದ ವೇಳಾಪಟ್ಟಿಯನ್ನು ಸರಿಯಾಗಿ ಯೋಜಿಸಲು, ಗುಣಮಟ್ಟ ಮತ್ತು ದಕ್ಷತೆಯನ್ನು ಹೆಚ್ಚಿಸಲು ಕಾರ್ಖಾನೆಗೆ ನೆರವು ಕೊಟ್ಟು, ಅದರ ಜೊತೆಗೆ ತಪಾಸಣೆಯನ್ನೂ ನಡೆಸಿದಲ್ಲಿ ಸುಧಾರಣೆ ಗಮನಾರ್ಹವಾಗಿತ್ತು.

ಶಾಲೆಯ ಅನುಭವದಿಂದ ಇದನ್ನು ಅರ್ಥಮಾಡಿಕೊಳ್ಳಬಹುದು. ಪರೀಕ್ಷೆಯನ್ನೇ ಮೇಲಿಂದ ಮೇಲೆ ನಡೆಸಿದರೆ ಮಕ್ಕಳು ಗಣಿತ ಕಲಿಯುವುದಿಲ್ಲ. ಪರೀಕ್ಷೆ ದೋಷ ಎಲ್ಲಿದೆ ಎಂದು ತೋರಿಸಬಹುದು. ದೋಷ ತಿದ್ದಲು ಪಾಠವೇ ಬೇಕು.

ಎರಡು ಕಾರ್ಖಾನೆ, ಒಂದೇ ಮಟ್ಟದ ಅಂಕ

ಅಂಕಗಳೇ ಎಲ್ಲವನ್ನೂ ಹೇಳುತ್ತವೆಯೇ? ಅದೇ ವರ್ಷ ಲಾಕ್ ಮತ್ತು ಮೋನಿಕಾ ರೋಮಿಸ್ ಮೆಕ್ಸಿಕೊದ ಎರಡು ಟೀ-ಷರ್ಟ್ ಕಾರ್ಖಾನೆಗಳ ಹೋಲಿಕೆಯನ್ನು ಪ್ರಕಟಿಸಿದರು. ಎರಡೂ ನೈಕಿಗೆ ಸರಕು ಒದಗಿಸುತ್ತಿದ್ದವು. ತಪಾಸಣೆಯಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ. ಆದರೆ ಒಳಹೊಕ್ಕು ನೋಡಿದಾಗ ಚಿತ್ರ ಬೇರೆಯಾಗಿತ್ತು.

ಒಂದರಲ್ಲಿ ಕಾರ್ಮಿಕರು ಸಣ್ಣ ತಂಡಗಳಾಗಿ ಕೆಲಸ ಮಾಡುತ್ತಿದ್ದರು. ಒಬ್ಬೊಬ್ಬರಿಗೂ ಹಲವು ಬಗೆಯ ಹೊಲಿಗೆಯಲ್ಲಿ ತರಬೇತಿ ಸಿಕ್ಕಿತ್ತು. ಕೆಲಸ ಹಂಚಿಕೊಳ್ಳುವುದನ್ನು ತಂಡವೇ ನಿರ್ಧರಿಸುತ್ತಿತ್ತು. ಇನ್ನೊಂದರಲ್ಲಿ ಹಳೆಯ ‘ಲೈನ್’ ಪದ್ಧತಿ: ಒಬ್ಬರು ದಿನವಿಡೀ ತೋಳನ್ನೇ ಹೊಲಿಯಬೇಕು, ಮತ್ತೊಬ್ಬರು ಕತ್ತಿನ ಪಟ್ಟಿಯನ್ನೇ. ಓಟಿ ಮಾಡುವಂತೆ ಒತ್ತಡ ಬೇರೆ. ಮೊದಲನೆಯದರಲ್ಲಿ ಒಬ್ಬ ಕಾರ್ಮಿಕರಿಗೆ ದಿನಕ್ಕೆ ಸರಾಸರಿ 150 ಟೀ-ಷರ್ಟ್ ಸಿದ್ಧವಾದರೆ, ಎರಡನೆಯದರಲ್ಲಿ 80. ಹೀಗಾಗಿ ಮೊದಲ ಕಾರ್ಖಾನೆ ಹೆಚ್ಚು ಕೂಲಿ ಕೊಟ್ಟರೂ ಪ್ರತಿ ಅಂಗಿಗೆ ತಗಲುವ ಕೂಲಿವೆಚ್ಚ ಕಡಿಮೆಯೇ ಆಗಿತ್ತು. ‘ಒಳ್ಳೆಯ ಕೂಲಿ ಕೊಟ್ಟರೆ ಬೆಲೆ ಏರಲೇಬೇಕು’ ಎಂಬ ಸಾಮಾನ್ಯ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು.

2009ರಲ್ಲಿ ಮ್ಯಾಥ್ಯೂ ಅಮೆಂಗ್ವಲ್ ಮತ್ತು ಅಕ್ಷಯ್ ಮಂಗ್ಲಾ ಅವರೊಡನೆ ಪ್ರಕಟಿಸಿದ ಪ್ರಬಂಧಕ್ಕೆ ಭಾರತ, ಬಾಂಗ್ಲಾದೇಶ, ಚೀನ ಸೇರಿದಂತೆ ಐದು ದೇಶಗಳಲ್ಲಿ ಕ್ಷೇತ್ರಕಾರ್ಯ ನಡೆದಿತ್ತು. ತಪಾಸಣಾ ಪದ್ಧತಿ ಮೂರು ನಂಬಿಕೆಗಳ ಮೇಲೆ ನಿಂತಿದೆ ಎಂದು ಅದು ತೋರಿಸಿತು. ಒಂದು, ಖರೀದಿದಾರ ಕಂಪನಿ ಹೇಳಿದಂತೆ ಕಾರ್ಖಾನೆ ಕೇಳುತ್ತದೆ. ಆದರೆ ಹಲವು ಕಂಪನಿಗಳಿಗೆ ಹೊಲಿಯುವ ಕಾರ್ಖಾನೆಗೆ ಒಂದು ಕಂಪನಿಯ ಮಾತು ಅಷ್ಟೇನೂ ದೊಡ್ಡದಲ್ಲ. ಎರಡು, ತಪಾಸಣೆಯಿಂದ ನಿಜ ಸಂಗತಿ ತಿಳಿಯುತ್ತದೆ. ಆದರೆ ಎರಡೆರಡು ಹಾಜರಿ ಪುಸ್ತಕಗಳನ್ನಿಟ್ಟು, ಕಾರ್ಮಿಕರಿಗೆ ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಸುವುದುಂಟು. ಮೂರು, ಬಹುಮಾನ ಮತ್ತು ಶಿಕ್ಷೆ ಕೆಲಸ ಮಾಡುತ್ತವೆ. ಆದರೆ ಆರ್ಡರ್ ಕಿತ್ತುಕೊಂಡರೆ ಮೊದಲು ಕೆಲಸ ಕಳೆದುಕೊಳ್ಳುವವರು, ಯಾರ ಹಿತಕ್ಕಾಗಿ ತಪಾಸಣೆ ನಡೆಯಿತೋ ಆ ಕಾರ್ಮಿಕರೇ.

ಆರ್ಡರಿನ ಏರಿಳಿತ

ಹಾಗಾದರೆ ದೋಷದ ಮೂಲ ಎಲ್ಲಿ? ಲಾಕ್ ಅವರ ತಂಡ ಎಲೆಕ್ಟ್ರಾನಿಕ್ಸ್ ಉದ್ಯಮವನ್ನೂ ಅಧ್ಯಯನ ಮಾಡಿತು. ಮಿತಿಮೀರಿದ ಕೆಲಸದ ಅವಧಿಗೆ ಕಾರ್ಖಾನೆಯ ಮಾಲೀಕನ ದುರಾಸೆಯೊಂದೇ ಕಾರಣವಲ್ಲ. ಕಡೆಯ ಗಳಿಗೆಯಲ್ಲಿ ಬದಲಾಗುವ ಆರ್ಡರ್, ದಿಢೀರನೆ ಮಾರುಕಟ್ಟೆಗೆ ಬರುವ ಹೊಸ ಮಾದರಿ, ದಾಸ್ತಾನು ಇಟ್ಟುಕೊಳ್ಳಲು ಒಪ್ಪದ ಖರೀದಿದಾರ - ಇವೂ ಕಾರಣ ಎಂದು ಕಂಡುಬಂದಿತು.

ಇದರ ಹಿಂದೆ ಒಂದು ಹಳೆಯ ತತ್ತ್ವವಿದೆ. ಎಂಐಟಿಯ ಜೇ ಫಾರೆಸ್ಟರ್ 1950ರ ದಶಕದ ಕೊನೆಯಲ್ಲಿಯೇ ಇದನ್ನು ವಿವರಿಸಿದ್ದರು. ಇಂದು ಇದನ್ನು ‘ಬುಲ್‌ವಿಪ್ ಪರಿಣಾಮ’ ಎನ್ನುತ್ತಾರೆ. ಬಾರುಕೋಲಿನ ಹಿಡಿಯನ್ನು ತುಸು ಅಲುಗಿಸಿದರೆ ತುದಿ ಜೋರಾಗಿ ಬೀಸುತ್ತದಲ್ಲವೇ? ಹಾಗೆಯೇ ಇದು. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಅಂಗಡಿಯಲ್ಲಿ ವಾರಕ್ಕೆ 100 ಅಂಗಿ ಮಾರಾಟವಾಗುತ್ತಿವೆ. ಒಂದು ವಾರ 110 ಹೋದವು. ಬೇಡಿಕೆ ಹೆಚ್ಚಿತೆಂದು ಭಾವಿಸಿ ಅಂಗಡಿಯವರು 120ಕ್ಕೆ ಆರ್ಡರ್ ಕೊಡುತ್ತಾರೆ. ಸಗಟು ವ್ಯಾಪಾರಿ ಕೈಯಲ್ಲಿ ಸ್ವಲ್ಪ ಇರಲೆಂದು 140 ಕೇಳುತ್ತಾರೆ. ಕಾರ್ಖಾನೆಗೆ ಬರುವ ಹೊತ್ತಿಗೆ ಅದು 170 ಆಗುತ್ತದೆ. ಮುಂದಿನ ವಾರ ಮಾರಾಟ ಮತ್ತೆ 100ಕ್ಕೆ ಇಳಿದಾಗ ಎಲ್ಲರ ಬಳಿಯೂ ಸರಕು ಉಳಿದು, ಕಾರ್ಖಾನೆಗೆ 40ರ ಆರ್ಡರ್ ಬರಬಹುದು. ಗ್ರಾಹಕರ ಕಡೆ 10ರ ಬದಲಾವಣೆ. ಹೊಲಿಯುವವರ ಕಡೆ ಒಂದು ವಾರ ರಾತ್ರಿಯವರೆಗೂ ಓಟಿ, ಮರುವಾರ ಕೆಲಸವೇ ಇಲ್ಲ.

ತಪಾಸಕರು ನೋಡುವುದು ಕಾರ್ಖಾನೆಯ ಹಾಜರಿ ಪುಸ್ತಕವನ್ನು. ಏರಿಳಿತ ಹುಟ್ಟುವುದು ಸಾವಿರಾರು ಕಿಲೋಮೀಟರ್ ದೂರದ ಖರೀದಿ ವಿಭಾಗದಲ್ಲಿ. ಅಲ್ಲಿಗೆ ತಪಾಸಕರು ಹೋಗುವುದಿಲ್ಲ.

ಕಾರಣವನ್ನು ಬೇರ್ಪಡಿಸುವ ವಿಧಾನ

ಒಂದು ಸುಧಾರಣೆ ಯಾವ ಕ್ರಮದಿಂದ ಆಯಿತು ಎಂದು ತಿಳಿಯುವುದು ಸುಲಭವಲ್ಲ. ಪ್ರಯೋಗಾಲಯದಲ್ಲಾದರೆ ಒಂದು ಅಂಶವನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿಡಬಹುದು; ಕಾರ್ಖಾನೆಯಲ್ಲಿ ಅದು ಸಾಧ್ಯವಿಲ್ಲ. ಇದಕ್ಕಾಗಿ ಬಳಸುವ ಒಂದು ವಿಧಾನ ‘ವ್ಯತ್ಯಾಸಗಳ ವ್ಯತ್ಯಾಸ’. ಹೊಸ ಕ್ರಮ ಅಳವಡಿಸಿದ ಕಾರ್ಖಾನೆಗಳಲ್ಲಿ ಉಲ್ಲಂಘನೆ ಪ್ರತಿಶತ 40ರಿಂದ 20ಕ್ಕೆ ಇಳಿಯಿತೆನ್ನೋಣ. ಅದೇ ಅವಧಿಯಲ್ಲಿ, ಅಳವಡಿಸದ ಕಾರ್ಖಾನೆಗಳಲ್ಲೂ 40ರಿಂದ 32ಕ್ಕೆ ಇಳಿದಿದ್ದರೆ, ಆ 8 ಅಂಶಗಳ ಇಳಿಕೆ ಕಾಲಮಾನದ್ದು. ಹೊಸ ಕ್ರಮದ ಪಾಲು ಉಳಿದ 12 ಮಾತ್ರ.

ಗ್ರೆಗ್ ಡಿಸ್ಟೆಲ್‌ಹಾರ್ಸ್ಟ್, ಯೆನ್ಸ್ ಹೈನ್‌ಮ್ಯುಲರ್ ಮತ್ತು ಲಾಕ್ ಇದೇ ವಿಧಾನದಿಂದ 11 ಅಭಿವೃದ್ಧಿಶೀಲ ದೇಶಗಳ 300ಕ್ಕೂ ಹೆಚ್ಚು ಉಡುಪು ಕಾರ್ಖಾನೆಗಳನ್ನು ಅಭ್ಯಸಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಪಾನಿನ ಟೊಯೊಟಾದಲ್ಲಿ ರೂಪುಗೊಂಡ, ವ್ಯರ್ಥವನ್ನು ತಗ್ಗಿಸಿ ಕಾರ್ಮಿಕರ ಕೌಶಲವನ್ನು ಬಳಸಿಕೊಳ್ಳುವ ‘ಲೀನ್’ ಉತ್ಪಾದನಾ ಕ್ರಮವನ್ನು ನೈಕಿ ಈ ಕಾರ್ಖಾನೆಗಳಲ್ಲಿ ಪ್ರೋತ್ಸಾಹಿಸಿತ್ತು. ಈ ಕ್ರಮ ಅಳವಡಿಸಿಕೊಂಡಲ್ಲಿ ಮುಖ್ಯವಾಗಿ ಕೂಲಿ ಮತ್ತು ಕೆಲಸದ ಅವಧಿಗೆ ಸಂಬಂಧಿಸಿದ ಉಲ್ಲಂಘನೆ 15 ಪ್ರತಿಶತ ಅಂಶಗಳಷ್ಟು ಕಡಿಮೆಯಾಗಿತ್ತು. ಆದರೆ ಆರೋಗ್ಯ ಮತ್ತು ಸುರಕ್ಷತೆಯ ಮಾನದಂಡಗಳಲ್ಲಿ ಯಾವ ಪರಿಣಾಮವೂ ಕಾಣಲಿಲ್ಲ. ತರಬೇತಾದ ಕಾರ್ಮಿಕರನ್ನು ಉಳಿಸಿಕೊಳ್ಳಲು ಮಾಲೀಕ ಕೂಲಿಯನ್ನು ಸರಿಪಡಿಸಬಹುದು. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ಬಾಗಿಲು ಅದರಿಂದ ತಾನಾಗಿ ತೆರೆದುಕೊಳ್ಳುವುದಿಲ್ಲ.

2013: ಒಂದು ಪುಸ್ತಕ, ಒಂದು ದುರಂತ

ಈ ಎರಡನೆಯ ಮಾತಿಗೆ ಘೋರ ಪುರಾವೆಗಳು ಮೊದಲೇ ದೊರೆತಿದ್ದವು. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಉಡುಪು ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಹಿಂದೆ ಅದಕ್ಕೆ ಅಂತರರಾಷ್ಟ್ರೀಯ ಸಾಮಾಜಿಕ ಮಾನದಂಡದ ಪ್ರಮಾಣಪತ್ರ ಸಿಕ್ಕಿತ್ತು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಎಂಬ ಬಹುಮಹಡಿ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿದ್ದ ಕಾರ್ಖಾನೆಗಳಲ್ಲೂ ತಪಾಸಣೆ ನಡೆದಿತ್ತು. ಕಟ್ಟಡದ ಬಲವನ್ನು ಪರೀಕ್ಷಿಸುವುದು ಅದರ ವ್ಯಾಪ್ತಿಯಲ್ಲಿರಲಿಲ್ಲ.

ಲಾಕ್ ಅವರ ಹತ್ತಾರು ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿದ ಪುಸ್ತಕ ಅದೇ 2013ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಪ್ರಕಟವಾಯಿತು. ಖಾಸಗಿ ಅಧಿಕಾರದ ಭರವಸೆಯ ಜೊತೆಗೆ ಅದರ ಮಿತಿಯನ್ನೂ ಶೀರ್ಷಿಕೆಯೇ ಸೂಚಿಸುತ್ತದೆ. ಕಂಪನಿಗಳ ಸ್ವಯಂಪ್ರೇರಿತ ಕ್ರಮ ಮತ್ತು ಕಾರ್ಖಾನೆಗಳ ಸಾಮರ್ಥ್ಯವರ್ಧನೆ ಎರಡೂ ಉಪಯುಕ್ತ, ಆದರೆ ಸರ್ಕಾರದ ಕಾನೂನು ಜಾರಿ ಅವುಗಳ ಜೊತೆಗೂಡಬೇಕು ಎಂಬುದು ಅವರ ನಿಲುವು. ಲಾಕ್ ಅದೇ ವರ್ಷ ಬ್ರೌನ್ ವಿಶ್ವವಿದ್ಯಾಲಯ ಸೇರಿ, ಮುಂದೆ ಅಲ್ಲಿ ಪ್ರೊವೊಸ್ಟ್ ಹುದ್ದೆಗೇರಿದರು. 2025ರಲ್ಲಿ ಎಂಐಟಿಯ ಸ್ಲೋನ್ ನಿರ್ವಹಣಾ ಶಾಲೆಗೆ ಡೀನ್ ಆಗಿ ಮರಳಿದರು.

ರಾಣಾ ಪ್ಲಾಜಾ ನಂತರ, 2013ರ ಮೇ ತಿಂಗಳಲ್ಲಿ, ಖರೀದಿದಾರ ಕಂಪನಿಗಳು ಮತ್ತು ಕಾರ್ಮಿಕ ಸಂಘಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಹಿಂದಿನ ನೀತಿಸಂಹಿತೆಗಳಿಗಿಂತ ಇದು ಭಿನ್ನ: ಇದು ಕಾನೂನುಬದ್ಧವಾಗಿತ್ತು, ವರದಿಗಳು ಬಹಿರಂಗವಾಗಿದ್ದವು, ಕಾರ್ಮಿಕರ ಪ್ರತಿನಿಧಿಗಳಿಗೆ ನಿರ್ಧಾರದಲ್ಲಿ ಪಾಲಿತ್ತು, ಕಟ್ಟಡಗಳನ್ನು ಎಂಜಿನಿಯರ್‌ಗಳು ಪರೀಕ್ಷಿಸಿದರು.

ನಮ್ಮ ರಾಜ್ಯದಲ್ಲಿ

ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಜನ, ಅದರಲ್ಲೂ ಹೆಂಗಸರು, ದುಡಿಯುತ್ತಾರೆ. ಹೀಗಾಗಿ ಈ ಸಂಶೋಧನೆ ನಮಗೆ ದೂರದ್ದಲ್ಲ.

2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಜೋಡಣಾ ಕಾರ್ಖಾನೆಯಲ್ಲಿ ಸಂಬಳ ಮತ್ತು ಓಟಿಯ ಕುರಿತ ಅಸಮಾಧಾನ ಗಲಭೆಯ ರೂಪ ತಾಳಿತು. ಅಲ್ಲಿ ಕಾರ್ಮಿಕರ ಸಂಖ್ಯೆ ಅಲ್ಪಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತೆಂದೂ ಸಿಬ್ಬಂದಿ ನಿರ್ವಹಣಾ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲವೆಂದೂ ರಾಜ್ಯದ ಕಾರ್ಖಾನೆಗಳ ಇಲಾಖೆಯ ಪರಿಶೀಲನೆ ತಿಳಿಸಿತು. ಉತ್ಪಾದನೆಯನ್ನು ದಿಢೀರನೆ ಏರಿಸುವ ಒತ್ತಡ ಕಾರ್ಮಿಕರ ಮೇಲೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಇದು ಹತ್ತಿರದ ನಿದರ್ಶನ.

ಕಾನೂನಿನ ಪಾತ್ರಕ್ಕೂ ಉದಾಹರಣೆ ಇಲ್ಲಿಯೇ ಇದೆ. 2020ರ ಏಪ್ರಿಲ್‌ನಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯೆಯ ಏರಿಕೆಯನ್ನು ರಾಜ್ಯದ ಬಹಳಷ್ಟು ಗಾರ್ಮೆಂಟ್ಸ್‌ಗಳು ಕೊಡಲಿಲ್ಲ. ಕಾನೂನಿನಂತೆ ಕೂಲಿ ಕೊಡಬೇಕೆಂದು ಖರೀದಿದಾರ ಕಂಪನಿಗಳ ನೀತಿಸಂಹಿತೆಗಳು ಸಾರುತ್ತಿದ್ದರೂ ಹೀಗಾಯಿತು. ಕಾರ್ಮಿಕ ಸಂಘಗಳ ಹೋರಾಟ, ಹೈಕೋರ್ಟಿನ ಆದೇಶ, ಕಾರ್ಮಿಕ ಹಕ್ಕುಗಳ ಸಂಸ್ಥೆಗಳ ಒತ್ತಡ ಇವೆಲ್ಲ ಸೇರಿದ ಮೇಲೆಯೇ ಹಲವರಿಗೆ 2022ರಲ್ಲಿ ಬಾಕಿ ಸಿಕ್ಕಿತು.

ಆಶಾದಾಯಕ ಸಂಗತಿಯೂ ಇದೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನಿಷಾದಂ ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್‌ಗಳಲ್ಲಿ ಎಲ್ಇಡಿ ದೀಪಗಳ ಪರಿಣಾಮವನ್ನು ಅಭ್ಯಸಿಸಿ 2020ರಲ್ಲಿ ಪ್ರಕಟಿಸಿದರು. ಹಳೆಯ ದೀಪಗಳಿಗಿಂತ ಎಲ್ಇಡಿ ಹೊರಸೂಸುವ ಶಾಖ ಕಡಿಮೆ. ಹೊಲಿಗೆ ಯಂತ್ರದ ಮುಂದೆ ಕುಳಿತವರಿಗೆ ಸೆಕೆ ತುಸು ತಗ್ಗಿ, ಬಿಸಿಲಿನ ದಿನಗಳಲ್ಲಿ ಉತ್ಪಾದನೆ ಹೆಚ್ಚಿತು. ಉತ್ಪಾದಕತೆಯಿಂದ ಬಂದ ಲಾಭ ವಿದ್ಯುತ್ ಉಳಿತಾಯದ ಎರಡೂವರೆ ಪಟ್ಟಿಗೂ ಮೀರಿತ್ತು. ಪರಿಸರಕ್ಕೆ, ಕಾರ್ಮಿಕರಿಗೆ, ಮಾಲೀಕರಿಗೆ ಮೂವರಿಗೂ ಒಳಿತಾದ ಕ್ರಮವಿದು. ಇದನ್ನು ಅಳವಡಿಸಲು ಬೇಕಾದದ್ದು ಅಳೆದು ನೋಡುವ ಮನಸ್ಸು.

ತರಗತಿಯಲ್ಲಿ ಮಾಡಿ ನೋಡಿ

ಆರ್ಡರಿನ ಏರಿಳಿತವನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸಲು ಎಂಐಟಿಯಲ್ಲಿ 1960ರ ದಶಕದಲ್ಲಿ ಒಂದು ಆಟ ರೂಪುಗೊಂಡಿತು. ನಮ್ಮ ಶಾಲೆಗಳಲ್ಲೂ ಅದನ್ನು ಆಡಿಸಬಹುದು. ನಾಲ್ವರನ್ನು ಸಾಲಾಗಿ ಕೂರಿಸಿ: ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಸರಕಿನ ಬದಲು ಹುಣಿಸೆ ಬೀಜ ಸಾಕು. ಪ್ರತಿಯೊಬ್ಬರೂ ಪಕ್ಕದವರಿಗೆ ಚೀಟಿಯಲ್ಲಿ ಮಾತ್ರ ಆರ್ಡರ್ ಕೊಡಬೇಕು, ಮಾತನಾಡಬಾರದು. ಸರಕು ಎರಡು ಸುತ್ತು ತಡವಾಗಿ ತಲುಪಬೇಕು. ಗ್ರಾಹಕರ ಬೇಡಿಕೆಯನ್ನು ನಾಲ್ಕು ಸುತ್ತು ಒಂದೇ ಸಮ ಇಟ್ಟು, ಐದನೆಯ ಸುತ್ತಿನಲ್ಲಿ ಒಮ್ಮೆ ಹೆಚ್ಚಿಸಿ ಅಲ್ಲಿಯೇ ನಿಲ್ಲಿಸಿ. ಇಪ್ಪತ್ತು ಸುತ್ತುಗಳ ನಂತರ ನಾಲ್ವರ ಆರ್ಡರುಗಳನ್ನೂ ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಯಾರ ರೇಖೆ ಹೆಚ್ಚು ಏರಿಳಿದಿದೆ ಎಂದು ಗುರುತಿಸಿ. ಆಮೇಲೆ ನಾಲ್ವರೂ ಮಾತನಾಡಿಕೊಂಡು ಮತ್ತೊಮ್ಮೆ ಆಡಲಿ, ಎರಡು ಗ್ರಾಫ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲಿ. ಕಾರ್ಖಾನೆಯ ಪಾತ್ರ ವಹಿಸಿದ ವಿದ್ಯಾರ್ಥಿಗೆ, ಆ ರೇಖೆ ಏರಿದ ವಾರ ಕಾರ್ಮಿಕರು ಎಷ್ಟು ಗಂಟೆ ದುಡಿಯಬೇಕಾಗುತ್ತಿತ್ತು, ಇಳಿದ ವಾರ ಎಷ್ಟು ಜನರಿಗೆ ಕೆಲಸ ತಪ್ಪುತ್ತಿತ್ತು ಎಂದು ಕೇಳಿ. ಲಾಕ್ ಅವರ ಸಂಶೋಧನೆಯ ತಿರುಳು ಆ ಉತ್ತರದಲ್ಲಿದೆ.